ಭಟ್ರು ಕಂಡ ಸುಳಿ

"ಇದರ ಎದೆಯಲ್ಲಿ ಸುಳಿ ಉಂಟು. ಮನೆಗೆ ತಂದವರಿಗೆ ಒಳ್ಳೆದಲ್ಲ."

ಹೇಳಿದವನು ಯಾರೆಂದು ಮನ್ವಿತಾ ತಿರುಗಿ ನೋಡಿದಳು. ಬಿಳಿ ಅಂಗಿ, ಮೊಣಕೈವರೆಗೆ ಮಡಚಿದ ತೋಳು, ಗಂಭೀರ ಮುಖ. ನೋಡಲು ಚೆನ್ನಾಗಿಯೇ ಇದ್ದ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅವನು ಬೆರಳು ತೋರಿಸಿದ್ದು ಕುಸುಮಾಳ ಎದೆಗೆ. ಕುಸುಮಾ ಎಂದರೆ ಕಂದು ಬಣ್ಣದ, ಥರೋಬ್ರೆಡ್ ಎಂಬ ರೇಸಿನ ತಳಿಯ ಕುದುರೆ, ಗರ್ಭಿಣಿ. ಕಾಗದದಲ್ಲಿ ಅವಳಿಗೆ ಉದ್ದದ ಇಂಗ್ಲಿಷ್ ಹೆಸರಿತ್ತು. ಕುಸುಮಾ ಎಂದು ಕರೆದವಳು ಮನ್ವಿತಾ.

ಸುರತ್ಕಲ್ಲಿನ ಗುಡ್ಡದ ಮೇಲೆ ಅಲ್ಫೋನ್ಸರ ಲಾಯ. ಮಂಗಳೂರಿನ ಈ ಸೆಕೆಯಲ್ಲಿ ರೇಸಿನ ಕುದುರೆಗಳನ್ನು ಸಾಕಿ ಮರಿ ಮಾಡಿಸುವುದು ಹುಚ್ಚು ಎಂದು ಊರೆಲ್ಲ ಆಡಿಕೊಂಡರೂ ಅವರು ಕಿವಿಗೆ ಹಾಕಿಕೊಂಡವರಲ್ಲ. ಈಗ ಅವರ ಮೊಣಕಾಲು ಕೈಕೊಟ್ಟಿತ್ತು. ಮುಂದಿನ ಭಾನುವಾರ ಎಲ್ಲ ಕುದುರೆಗಳೂ, ತಾಯಂದಿರೂ ಮರಿಗಳೂ, ಏಲಂನಲ್ಲಿ ಹೋಗಲಿದ್ದವು. ಇವತ್ತು ಕೊಳ್ಳುವವರು ಬಂದು ನೋಡುವ ದಿನ.

ಲಾಯದಲ್ಲಿ ಕೆಲಸ ಮಾಡುತ್ತಿದ್ದ ಮನ್ವಿತಾಳಿಗೆ ಬೇರೆ ಯಾವುದೂ ಬೇಡ. ಕುಸುಮಾ ಒಬ್ಬಳು ಸಾಕು. ಹಿಂದೊಮ್ಮೆ ಕುಸುಮಾಳಿಗೆ ಹೊಟ್ಟೆನೋವು ಬಂದು ನೆಲಕ್ಕೆ ಬೀಳುವಂತಾದಾಗ, ಹಗ್ಗ ಹಿಡಿದು ಇಡೀ ದಿನ ಅಂಗಳದಲ್ಲಿ ನಡೆಸಿ ಉಳಿಸಿಕೊಂಡವಳು ಅವಳು. ಅಂದಿನಿಂದ ಸಂಬಳವನ್ನೆಲ್ಲ ಕೂಡಿಡುತ್ತ ಬಂದಿದ್ದಳು. ಪಂಪ್‌ವೆಲ್‌ನಲ್ಲಿ ಹೋಟೆಲಿಟ್ಟಿದ್ದ ಅಪ್ಪ ಚಿತ್ತರಂಜನರನ್ನು ಕಾಡಿ ಬೇಡಿ, ಮನೆಯ ಹಿಂದಿನ ಖಾಲಿ ಜಾಗದಲ್ಲಿ ಕುದುರೆ ಕಟ್ಟಲು ಒಪ್ಪಿಗೆಯನ್ನೂ ಪಡೆದಿದ್ದಳು.

ಆ ಅಪ್ಪನೇ ಈಗ ಪಕ್ಕದಲ್ಲಿ ನಿಂತು ಸುಳಿಯ ಮಾತು ಕೇಳಿಸಿಕೊಂಡಿದ್ದರು.

"ಯಾರದು ಹೇಳಿದ್ದು?" ಎಂದು ಕೇಳಿದರು.

"ವಿಭವ ಭಟ್ರು," ಎಂದ ಯಾರೋ. "ಬೆಂಗಳೂರಿನ ಧನಿಗಳಿಗೆ ಕುದುರೆ ಆರಿಸಿ ಕೊಡುವವರು. ಇವರ ಅಜ್ಜ ದನದ ಸುಳಿ ನೋಡಿ ಹೇಳಿದ್ರೆ ತಪ್ತಾ ಇರ್ಲಿಲ್ಲ."

ಅಲ್ಲಿಗೆ ಮುಗಿಯಿತು. ಅಜ್ಜನ ಹೆಸರು ಬಂದ ಮೇಲೆ ಮೊಮ್ಮಗನಿಗೆ ಸುಳಿಯ ಗಂಧಗಾಳಿ ಇದೆಯೇ ಎಂದು ಕೇಳುವವರು ಯಾರು? ಕುಸುಮಾಳ ಸುತ್ತ ನಿಂತಿದ್ದವರೆಲ್ಲ ಮೆಲ್ಲನೆ ಪಕ್ಕದ ಕುದುರೆಯ ಕಡೆಗೆ ಸರಿದರು.

"ಅಪ್ಪಾ, ಅದೆಲ್ಲ ಸುಳ್ಳು."

"ಬೊಡ್ಚಿ, ಬೇಡ ಮಗಾ. ಹೋಟೆಲು ಈಗಷ್ಟೇ ಒಂದು ಹದಕ್ಕೆ ಬಂದದ್ದು. ಗೊತ್ತಿದ್ದೂ ಗೊತ್ತಿದ್ದೂ ಮನೆಗೆ ತರುವುದು ಬೇಡ."

ಅಪ್ಪ ಕಾರಿನ ಕಡೆಗೆ ನಡೆದರು. ಮನ್ವಿತಾ ನೇರ ವಿಭವನ ಎದುರು ಹೋಗಿ ನಿಂತಳು.

"ನಿಮಗೆ ಎಂತ ಸಿಕ್ಕಿತು ಇದರಿಂದ?"

ಅವನಿಗೆ ಅವಳ ಕಣ್ಣಲ್ಲಿ ನೀರು ಕಂಡಿತು. "ಕ್ಷಮಿಸಿ," ಎಂದಷ್ಟೇ ಹೇಳಿ ಹೊರಟುಹೋದ.

ಕ್ಷಮಿಸಬೇಕಂತೆ... ಇವನಪ್ಪನ ಮನೆಯ ಗಂಟೇನು ಹೋಯಿತು?

* * *

ಆ ವಾರವಿಡೀ ಮನ್ವಿತಾ ಸ್ಕೂಟರ್ ಹತ್ತಿ ಜಾಗ ಹುಡುಕಿದಳು. ಕುದುರೆ ಕೊಂಡರೆ ಕಟ್ಟಲು ಜಾಗ ಬೇಕಲ್ಲ. ಸುಳಿಯ ಸುದ್ದಿ ಅವಳ ಸ್ಕೂಟರಿಗಿಂತ ಮೊದಲೇ ಎಲ್ಲ ಕಡೆ ತಲುಪಿರುತ್ತಿತ್ತು.

ಕಡಲ ಬದಿಯಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಹಸ್ನಾ ಅವಳ ಹಳೆಯ ಗೆಳತಿ. ಅವಳೂ ಕೈ ಚೆಲ್ಲಿದಳು.

"ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ ಮಾರಾಯ್ತಿ. ಆದ್ರೆ ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ ಬಂದಾಗಿದೆ. ನಾಳೆ ಒಂದು ಮಗು ಜಾರಿ ಬಿದ್ರೂ ಸುಳಿ ಅಂತಾರೆ."

ಇತ್ತ ಬೆಳಗಾದರೆ ವಿಭವ ಲಾಯದಲ್ಲಿ ಹಾಜರು. ತನ್ನ ಧನಿಗಾಗಿ ಮರಿಗಳನ್ನು ಪರೀಕ್ಷಿಸುವ ಕೆಲಸ. ಮರಿಗಳನ್ನು ಹಿಡಿದು ನಿಲ್ಲಿಸುವ ಕೆಲಸ ಮನ್ವಿತಾಳದು. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಒಂದು ತುಂಟ ಗಂಡುಮರಿ ಕಾಲೆತ್ತಲು ಬಿಡುತ್ತಿರಲಿಲ್ಲ. ಬೇರೆಯವರಾಗಿದ್ದರೆ ನಾಲ್ಕು ಬಾರಿಸುತ್ತಿದ್ದರು. ವಿಭವ ಅದರ ಪಕ್ಕ ಮಣ್ಣಿನಲ್ಲೇ ಕುಳಿತ. ಒದೆ ತಿಂದ, ಮತ್ತೆ ಕುಳಿತ. ಕೊನೆಗೆ ಮರಿಯೇ ಬೇಸತ್ತು ಅವನ ಅಂಗೈಗೆ ಗೊರಸು ಕೊಟ್ಟಿತು.

ಕೆಟ್ಟವನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು?

ತಲೆಗೆ ಬಂದ ಪ್ರಶ್ನೆಯನ್ನು ಮನ್ವಿತಾ ಅಲ್ಲೇ ಓಡಿಸಿದಳು. ಮರುದಿನ ಅವನು ಕಾಗದದ ಪೊಟ್ಟಣದಲ್ಲಿ ಬಿಸಿ ಗೋಳಿಬಜೆ ತಂದು ಅವಳ ಪಕ್ಕ ಇಟ್ಟುಹೋದ. ಮುಟ್ಟುವುದಿಲ್ಲ ಎಂದುಕೊಂಡಳು. ಆಮೇಲೆ ಮುಟ್ಟಿದಳು. ಸಿಟ್ಟಿನಲ್ಲಿ ತಿಂದರೂ ಗೋಳಿಬಜೆ ರುಚಿಯಾಗಿಯೇ ಇತ್ತು.

ಅವನು ಕುಸುಮಾಳ ಬಳಿ ಹೋಗಿ ಸುಮ್ಮನೆ ನಿಲ್ಲುವುದನ್ನೂ ಅವಳು ಕಂಡಳು. ಅಪಶಕುನ ಎಂದವನೇ ಆ ಕುದುರೆಯ ಹಣೆ ಸವರುತ್ತಿದ್ದ! ಇವನ ಲೆಕ್ಕಾಚಾರವೇ ಅವಳಿಗೆ ತಿಳಿಯದಾಯಿತು.

* * *

ಏಲಂನ ಹಿಂದಿನ ದಿನ ಉಳಿದಿದ್ದುದು ಒಂದೇ ಮನೆ, ನಂತೂರಿನ ಉಮಾವತಿ ಅತ್ತೆಯದು. ದೊಡ್ಡ ಕಂಪೌಂಡು, ಹಿಂದೆ ಖಾಲಿ ಶೆಡ್ಡು.

"ಆ ಕುದುರೆಯ ಆಸೆ ಬಿಡು," ಎಂದರು ಅತ್ತೆ. "ಅದಕ್ಕೆ ಜಾಗ ಹುಡುಕುವ ಬದಲು ನಿನಗೊಂದು ಗಂಡು ಹುಡುಕು."

ಹೊರಗೆ ಬಂದರೆ ನಂತೂರು ಸರ್ಕಲ್ ಪೂರ್ತಿ ಜಾಮ್. ಎರಡು ಟ್ಯಾಂಕರ್‌ಗಳ ನಡುವೆ ಸ್ಕೂಟರ್ ಸಿಕ್ಕಿಬಿದ್ದಿತು. ಹೆಲ್ಮೆಟ್ಟಿನೊಳಗೆ ಬೆವರು, ಹಿಂದಿನಿಂದ ಬಸ್ಸಿನ ಹಾರ್ನ್. ಮನ್ವಿತಾಳಿಗೆ ಅಲ್ಲೇ ಸ್ಕೂಟರ್ ಬಿಟ್ಟು ಕುಳಿತು ಅಳಬೇಕು ಅನ್ನಿಸಿತು.

"ಜಾಗ ಸಿಕ್ಕಿತಾ?"

ವಿಭವ. ಹಿಂದೆಲ್ಲೋ ಸಿಕ್ಕಿಕೊಂಡಿದ್ದ ಕಾರು ಬಿಟ್ಟು ನಡೆದು ಬಂದಿದ್ದ.

"ನಿಮ್ಮ ದಯದಿಂದ ಎಲ್ಲಿಯೂ ಇಲ್ಲ. ಸಂತೋಷವಾಯ್ತಾ?"

"ಸುಳಿಯ ವಿಷಯ ಸುಳ್ಳು," ಎಂದ ಅವನು. "ನನಗೆ ಸುಳಿ ನೋಡ್ಲಿಕ್ಕೇ ಬರುವುದಿಲ್ಲ."

ಹಾರ್ನುಗಳ ಗದ್ದಲದಲ್ಲಿ ತಾನು ಕೇಳಿದ್ದು ನಿಜವೇ ಎಂದು ಅವಳಿಗೆ ಸಂಶಯ ಬಂತು.

"ಮತ್ತೆ ಯಾಕೆ ಹೇಳಿದ್ರಿ?"

"ನನ್ನ ಧನಿ ಕುಸುಮಾಳಿಗಾಗಿಯೇ ನನ್ನನ್ನು ಕಳಿಸಿದ್ದು. ಅದರ ಹಿಂದಿನ ಮರಿ ರೇಸಿನಲ್ಲಿ ಗೆದ್ದಿದೆ. ಬಂದ ದಿನ ನಿಮ್ಮನ್ನು ನೋಡಿದೆ, ದೂರದಿಂದ. ಅದು ನಿಮ್ಮ ಹೆಗಲ ಮೇಲೆ ತಲೆ ಇಟ್ಟಿತ್ತು. ನೀವು ದುಡ್ಡು ಕೂಡಿಡ್ತಾ ಇದ್ದೀರಿ ಅಂತ ಅಲ್ಫೋನ್ಸ್ ಅಂಕಲ್ ಹೇಳಿದ್ರು. ದೊಡ್ಡವರು ಕೈ ಹಾಕಿದ್ರೆ ನಿಮಗೆ ಸಿಗುವುದಿಲ್ಲ ಅಂತ... ಅವರನ್ನು ಓಡಿಸುವ ಅಂತ ಹಾಗೆ ಹೇಳಿದೆ. ನಿಮ್ಮ ಅಪ್ಪ ಅಲ್ಲೇ ಇದ್ದದ್ದು ನನಗೆ ಗೊತ್ತಿರ್ಲಿಲ್ಲ."

"ಇಷ್ಟು ದಿನ ಬಾಯಿಗೆ ಎಂತ ಆಗಿತ್ತು?"

"ಹೆದರಿಕೆ. ನಿಮಗೆ ಗೊತ್ತಾದ್ರೆ ನೀವು ನನ್ನ ಮುಖ ನೋಡುವುದಿಲ್ಲ ಅಂತ."

ಮನ್ವಿತಾಳಿಗೆ ತನಗಾಗಿ ಒಬ್ಬ ಇಷ್ಟು ಮಾಡಿದನಲ್ಲ ಎಂಬ ಸಂತೋಷ ಒಂದು ಕ್ಷಣ. ಮರುಕ್ಷಣವೇ ಮೊಣಕಾಲು ಹಿಡಿದುಕೊಂಡು ಕುಳಿತಿರುವ ಅಲ್ಫೋನ್ಸರ ಮುಖ ಕಣ್ಣೆದುರು ಬಂತು.

"ನನ್ನನ್ನು ಒಂದು ಮಾತು ಕೇಳಿದ್ರಾ ನೀವು? ಅಂಕಲಿನ ಕಾಲಿನ ಆಪರೇಷನ್ ಈ ಏಲಂನಿಂದ ಆಗ್ಬೇಕು. ಅವರ ಹೊಟ್ಟೆಯ ಮೇಲೆ ಹೊಡೆದು ನನಗೆ ಕುದುರೆ ಕೊಡಿಸ್ತೀರಾ? ನಾಳೆ ಎಲ್ಲರ ಎದುರು ನಿಜ ಹೇಳ್ಬೇಕು."

"ಹೇಳಿದ್ರೆ ಕುಸುಮಾ ನಿಮಗೆ ಸಿಗ್ಲಿಕ್ಕಿಲ್ಲ."

"ಗೊತ್ತುಂಟು," ಎಂದಳು ಮನ್ವಿತಾ.

ಮುಂದಿನ ಟ್ಯಾಂಕರ್ ಕದಲಿತು. ಅವಳು ಹಿಂದಿರುಗಿ ನೋಡಲಿಲ್ಲ.

* * *

ಏಲಂ ಕೂಗಿದವರು ಇಸಿದೋರ್. ಚರ್ಚಿನ ಹಬ್ಬದಲ್ಲಿ ಕುಂಬಳಕಾಯಿ, ಬಾಳೆಗೊನೆ ಏಲಂ ಹಾಕುವವರೂ ಅವರೇ. ಕುದುರೆಗೂ ಅದೇ ಗಂಟಲು, ಅದೇ ತಮಾಷೆ. ಕುಸುಮಾಳನ್ನು ಅಂಗಳಕ್ಕೆ ತಂದಾಗ ಮಾತ್ರ ಅವರ ತಮಾಷೆಗೂ ಯಾರೂ ನಗಲಿಲ್ಲ. ಸವಾಲು ಹಾಕಲು ಒಂದು ಕೈಯೂ ಮೇಲೇಳಲಿಲ್ಲ.

ಆಗ ವಿಭವ ಎದ್ದು ನಿಂತ.

"ಈ ಕುದುರೆಗೆ ಕೆಟ್ಟ ಸುಳಿ ಉಂಟು ಅಂತ ನಾನು ಹೇಳಿದ್ದು ಸುಳ್ಳು. ಅಂಥ ಸುಳಿ ಎಷ್ಟೋ ಕುದುರೆಗಳ ಎದೆಯಲ್ಲಿ ಇರ್ತದೆ, ನಿಮ್ಮ ಕುದುರೆಗಳನ್ನೇ ನೋಡಿ. ಇಲ್ಲಿರುವ ಎಲ್ಲ ತಾಯಿ ಕುದುರೆಗಳಲ್ಲಿ ಇದೇ ಒಳ್ಳೆಯದು. ತಪ್ಪು ನನ್ನದು. ಅಲ್ಫೋನ್ಸ್ ಅಂಕಲ್, ಕ್ಷಮಿಸಿ."

ಗುಸುಗುಸು ಎದ್ದಿತು. ಮುಂದಿನ ಸಾಲಿನಲ್ಲಿದ್ದ ಬೆಂಗಳೂರಿನ ಧನಿ ಅವನನ್ನು ಕೆಂಗಣ್ಣಿನಿಂದ ನೋಡಿ, ಕೈ ಎತ್ತಿದ. ಮನ್ವಿತಾಳ ಕೈಯೂ ಎದ್ದಿತು. ಮತ್ತೊಬ್ಬರ ಕೈ ಎದ್ದಿತು. ಸವಾಲು ಏರುತ್ತ ಹೋಯಿತು. ನೋಡನೋಡುತ್ತಿದ್ದಂತೆ ಅವಳು ಕೂಡಿಟ್ಟದ್ದೆಲ್ಲ ಎಲ್ಲೋ ಕೆಳಗೆ ಉಳಿಯಿತು. ಅವಳ ಕೈ ಮಡಿಲಿಗೆ ಬಂತು.

ಆಗಲೇ ಅಪ್ಪ ಪಕ್ಕಕ್ಕೆ ಬಾಗಿ ಮೆಲ್ಲನೆ ಹೇಳಿದರು. "ಹಾಗಾದ್ರೆ ನಮ್ಮ ಜಾಗದಲ್ಲಿ ಕಟ್ಟಬಹುದು ಮಗಾ."

ಮನ್ವಿತಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಒಂದು ಸಲ... ಎರಡು ಸಲ... ಮೂರು ಸಲ."

ಕುಸುಮಾ ಬೆಂಗಳೂರಿನ ಪಾಲಾದಳು. ಧನಿ ಎದ್ದು ವಿಭವನ ಹತ್ತಿರ ಬಂದ. "ನಾಳೆಯಿಂದ ಬರಬೇಡಿ," ಎಂದು ಹೇಳಿ ಹೋದ.

ಲಾರಿ ಬಂದರೂ ಕುಸುಮಾ ಹಲಗೆ ಹತ್ತಲಿಲ್ಲ. ಆಳುಗಳು ಎಳೆದರು, ಹಿಂದಿನಿಂದ ನೂಕಿದರು. ಅವಳು ಕಿವಿ ಹಿಂದಕ್ಕೆ ಮಾಡಿ ಕಾಲೂರಿ ನಿಂತುಬಿಟ್ಟಳು. ಕೊನೆಗೆ ಅಲ್ಫೋನ್ಸರು ಕೋಲೂರಿಕೊಂಡು ಬಂದರು.

"ನೀನೇ ಬರ್ಬೇಕು ಮಗಾ. ಬೇರೆಯವರ ಮಾತು ಅದು ಕೇಳುವುದಿಲ್ಲ."

ಕಳೆದುಕೊಂಡದ್ದು ಸಾಲದೆಂದು ತಾನೇ ಕೈಯಾರೆ ಕಳಿಸಿಕೊಡಬೇಕು! ಮನ್ವಿತಾ ಹಗ್ಗ ಹಿಡಿದಳು. ಅವಳಿಗೂ ಜಗ್ಗದೆ ಕುಸುಮಾ ಹಿಂದೆ ಸರಿದಳು. ಆಗ ಇನ್ನೊಂದು ಬದಿಯಲ್ಲಿ ವಿಭವ ಬಂದು ನಿಂತು ಕುಸುಮಾಳ ಭುಜದ ಮೇಲೆ ಕೈಯಿಟ್ಟ. ಇಬ್ಬರ ನಡುವೆ ಕುಸುಮಾ ಮೊದಲ ಹೆಜ್ಜೆ ಇಟ್ಟಳು, ಮತ್ತೊಂದು ಇಟ್ಟಳು, ಒಳಗೆ ಹೋದಳು.

ಲಾರಿ ಗುಡ್ಡ ಇಳಿದು ಮರೆಯಾಗುವವರೆಗೆ ಮನ್ವಿತಾ ನೋಡುತ್ತ ನಿಂತಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ವಿಭವ ದೂರ ಹೋಗಲಿಲ್ಲ, ಹತ್ತಿರವೂ ಬರಲಿಲ್ಲ.

"ಮುಂದೆ ನನಗೆ ಒಳ್ಳೆದಾಗ್ಲಿ ಅಂತ ಎಂತ ಮಾಡುವುದಿದ್ರೂ, ಮೊದಲು ನನ್ನನ್ನು ಕೇಳ್ಬೇಕು," ಎಂದಳು ಅವಳು, ಮುಖ ಒರೆಸಿಕೊಳ್ಳುತ್ತ.

"ಕೇಳ್ತೇನೆ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಒಂದು ಈಗಲೇ ಕೇಳ್ಲಿಕ್ಕುಂಟು."

"ಎಂತ?" ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು.

"ಕೆಲಸ ಹೋಯ್ತು. ಸುಳ್ಳುಗಾರ ಅಂತ ಹೆಸರು ಬಂತು. ನಿಮ್ಮ ಕುಸುಮಾಳನ್ನು ಕಳೆದವನೂ ನಾನೇ. ಆದ್ರೂ... ನಿಮ್ಮ ಜೊತೆ ಇರ್ಬೇಕು ಅಂತ ಆಸೆ ಉಂಟು. ನನ್ನನ್ನು ಮದುವೆ ಆಗ್ತೀರಾ?"

"ನನಗೆ ಸಿಟ್ಟು ಇನ್ನೂ ಹೋಗ್ಲಿಲ್ಲ."

"ಗೊತ್ತುಂಟು."

"ಬೇಗ ಹೋಗುವುದೂ ಇಲ್ಲ."

"ಹೋಗುವವರೆಗೆ ಕಾಯ್ತೇನೆ."

ಮನ್ವಿತಾ ಅವನ ಕೈ ಹಿಡಿದುಕೊಂಡಳು.

"ಕಾಯುವುದು ಬೇಡ. ಸಿಟ್ಟು ಇರುವಾಗಲೇ ಆಗುವ."