ಮೇಲಿನ ಹಲಗೆಯ ಲೋಟ

"ಕೇಳೇ ಕೋಳೀ... ಓದಿದವಳು ಏನು ಬರೆದಿದಾಳೆ ಅಂತ ಕೇಳು!"

ಪ್ರೊಫೀರಾಳ ಕೈಯಲ್ಲಿ ನೀಲಿ ರಟ್ಟಿನ ನೋಟ್‌ಬುಕ್ಕು ತೆರೆದಿತ್ತು. ಅಡಿಗೆಮನೆಯ ಹೊಸಿಲ ಮೇಲೆ ನಿಂತಿದ್ದ ಕಂದು ಕೋಳಿ ಕತ್ತು ಓರೆ ಮಾಡಿ ನೋಡಿತು. ಬಾವಿಯಿಂದ ನೀರು ತಂದ ಸೊಸೆ ಸ್ಮರಾಂದಾ ಬಾಗಿಲಲ್ಲೇ ನಿಂತುಬಿಟ್ಟಳು. ಕೊಡದ ನೀರು ಅವಳ ಕಾಲಿನ ಮೇಲೆ ತುಳುಕಿತು. ಅವಳಿಗೆ ಗೊತ್ತಾಗಲಿಲ್ಲ.

ಅತ್ತೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. "'ಇವತ್ತು ರೊಟ್ಟಿ ಬಿಸಿಯಾಗಿತ್ತು.' ಕೇಳಿದ್ಯಾ? ನನ್ನ ಮಗ ಮಣ್ಣಿನಡಿ ತಣ್ಣಗೆ ಮಲಗಿದಾನೆ, ಇವಳಿಗೆ ರೊಟ್ಟಿ ಬಿಸಿಯಾಗಿತ್ತಂತೆ! ನಾಳೆ ವರ್ಷದ ಕಾರ್ಯ ಮುಗೀಲಿ. ಮೂರು ಗಂಟೆಗೆ ಬಸ್ಸಿದೆ ಅಂತ ಹೇಳು ಅವಳಿಗೆ. ಈ ಪುಸ್ತಕಾನೂ ಹೊತ್ಕೊಂಡು ಹೋಗಲಿ!"

ಹತ್ತೂವರೆ ತಿಂಗಳಿಂದ ಹೀಗೆಯೇ. ಪ್ರೊಫೀರಾ ಸೊಸೆಯೊಡನೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಕೋಳಿಗೆ ಹೇಳುತ್ತಿದ್ದಳು. ಕಟ್ಟಿಗೆ ಮುಗಿದಿದೆ ಕೋಳೀ, ಬಾಗಿಲು ಹಾಕೋಕೆ ಕೈ ಇಲ್ವೇನೇ ಕೋಳೀ. ಪಕ್ಕದ ಮನೆಯ ವೇತಾ ಅಜ್ಜಿಯಂತೂ, "ಪ್ರೊಫೀರಾ, ಆ ಬಡಪಾಯಿ ಮೊಟ್ಟೆ ಇಡೋದು ಬಿಟ್ಟು ಸನ್ಯಾಸ ತಗೋತದೆ ನೋಡು" ಎಂದು ಬೇಲಿಯಾಚೆಯಿಂದ ನಗುತ್ತಿದ್ದಳು.

ಕಾರಣ ಊರಿಗೆಲ್ಲ ಗೊತ್ತಿತ್ತು. ಸತ್ತವರ ಹೆಸರಿನಲ್ಲಿ ಕೊಟ್ಟದ್ದು ಬದುಕಿರುವವರ ಕೈಯಿಂದಲೇ ಆಚೆ ಲೋಕಕ್ಕೆ ಹೋಗಬೇಕು ಎಂಬುದು ಆ ಊರಿನ ನಂಬಿಕೆ. ಕೊಡುವವರು ಮೇಣದಬತ್ತಿ ಹಚ್ಚಿ, ಕೈವಸ್ತ್ರದ ಮೇಲಿಟ್ಟು ಕೊಡುತ್ತಾರೆ. ತೆಗೆದುಕೊಳ್ಳುವವರು "ದೇವರು ಅವನನ್ನು ಮನ್ನಿಸಲಿ" ಎನ್ನುತ್ತಾರೆ. ಆ ಮಾತು ಬಿದ್ದರೆ ಮಾತ್ರ ಅದು ಸತ್ತವರಿಗೆ ಸೇರುತ್ತದೆ. ಮಗ ಯುಸ್ತಿನ್ ಕಾಡಿನಲ್ಲಿ ಮರದಡಿ ಸಿಕ್ಕಿ ಸತ್ತ ನಲವತ್ತನೆಯ ದಿನ, ಪ್ರೊಫೀರಾ ಅವನದೇ ಮಣ್ಣಿನ ಲೋಟದಲ್ಲಿ ಬಿಸಿ ಹಾಲು ತುಂಬಿ, ಊರವರೆಲ್ಲರ ಮುಂದೆ ಸೊಸೆಯ ಕೈಗೆ ಕೊಟ್ಟಿದ್ದಳು. ಸ್ಮರಾಂದಾ ಅದನ್ನು ಹಿಡಿದು, ಅಂಗಡಿಯಲ್ಲಿ ಸಾಮಾನು ತೆಗೆದುಕೊಂಡವಳ ಹಾಗೆ "ಥ್ಯಾಂಕ್ಸ್" ಅಂದುಬಿಟ್ಟಳು! ಹಾಲು ಇಲ್ಲೇ ಉಳಿಯಿತು. ಮಗ ಅಲ್ಲಿ ಬಾಯಾರಿ ಕುಳಿತ. ತಾಯಿ ಲೋಟವನ್ನು ಕಿತ್ತುಕೊಂಡು ಒಲೆಯ ಮೇಲಿನ ಹಲಗೆಯಲ್ಲಿ ಬೋರಲು ಹಾಕಿದಳು. ಅವತ್ತಿನಿಂದ ಅದನ್ನು ಯಾರೂ ಮುಟ್ಟಿಲ್ಲ.

ಹೋಗು ಅಂದರೆ ಸ್ಮರಾಂದಾ ಹೋಗುವುದಾದರೂ ಎಲ್ಲಿಗೆ? ಯಾಶ್ ನಗರದಲ್ಲಿ ಅವಳನ್ನು ಸಾಕಿದ ಅಜ್ಜಿ ತೀರಿಕೊಂಡಿದ್ದಳು. ಇಟಲಿಗೆ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದ ತಾಯಿ ಅಲ್ಲೇ ಬೇರೆ ಸಂಸಾರ ಹೂಡಿದ್ದಳು. ಆದರೆ ಅದೂ ದೊಡ್ಡ ಮಾತಲ್ಲ. ಓದಿದ ಹುಡುಗಿ, ಎಲ್ಲಾದರೂ ಒಂದು ಕೋಣೆ, ಒಂದು ಕೆಲಸ ಸಿಗುತ್ತಿತ್ತು. ಯುಸ್ತಿನನ ಬೂಟು ತಾಗಿ ತಾಗಿ ಸವೆದ ಈ ಹೊಸಿಲು ಮಾತ್ರ ಬೇರೆ ಎಲ್ಲೂ ಸಿಗುವಂತಿರಲಿಲ್ಲ.

ನೋಟ್‌ಬುಕ್ಕನ್ನು ಕೊಟ್ಟದ್ದು ಪಟ್ಟಣದ ಡಾಕ್ಟರಮ್ಮ. "ನಿದ್ದೆ ಮಾತ್ರೆ ಆಮೇಲೆ. ದಿನಕ್ಕೆ ಒಂದೇ ಒಂದು ಸಾಲು ಬರಿ ತಾಯೀ. ಯಾವುದಕ್ಕಾದ್ರೂ ಋಣಿ ಅನಿಸಿದ್ರೆ ಅದನ್ನ. ಎಷ್ಟು ಸಣ್ಣದಾದ್ರೂ ಪರವಾಗಿಲ್ಲ" ಎಂದಿದ್ದರು. ಮೊದಲ ಆರು ವಾರ ಪುಟದ ಮೇಲೆ ಬರೀ ತಾರೀಖುಗಳಿದ್ದವು.

ಪ್ರೊಫೀರಾ ಇನ್ನಷ್ಟು ತಪ್ಪು ಹುಡುಕುವವಳಂತೆ ಪುಟ ತಿರುವಿದಳು. "'ಅಂಗಳದ ಹಿಮದ ಮೇಲೆ ಬೂದಿ ಚೆಲ್ಲಿತ್ತು. ಜಾರಲಿಲ್ಲ.' ಹ್ಞೂಂ! 'ನನ್ನ ಉಣ್ಣೆ ಕಾಲುಚೀಲದ ತೂತು ಹೊಲಿದಿತ್ತು.' 'ಜ್ವರ ಇತ್ತು. ಎದ್ದಾಗ ತಲೆ ಹತ್ತಿರ ಬಿಸಿ ಸೂಪಿನ ಬಟ್ಟಲು...'"

ಓದು ನಿಧಾನವಾಯಿತು. ನಿಂತೇಹೋಯಿತು. ಮುದುಕಿ ಕನ್ನಡಕ ತೆಗೆದು ಏಪ್ರನ್ನಿನ ಅಂಚಿನಲ್ಲಿ ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ.

"ಹೊಲಿದಿತ್ತಂತೆ! ತಾನಾಗೇ ಹೊಲ್ಕೊಂಡಿತಾ? ಯಾರು ಹೊಲಿದ್ರು ಅಂತ ಯಾಕೆ ಬರೆದಿಲ್ಲ ಕೇಳೇ ಕೋಳೀ."

"ಬರೆದ್ರೆ ನೀವು ನಿಲ್ಲಿಸಿಬಿಡ್ತೀರೇನೋ ಅಂತ ಹೆದರಿಕೆ ಆಯ್ತು ಅತ್ತೆ."

ಪ್ರೊಫೀರಾ ಪುಟದ ಮೇಲೆ ಬೆರಳು ಕುಟ್ಟಿದಳು. ಸೋತವಳ ಸಿಟ್ಟು ಇನ್ನೂ ಜೋರು. "ಕಾಲುಚೀಲಕ್ಕೆ ಋಣ, ಸೂಪಿಗೆ ಋಣ... ನನ್ನ ಮಗನಿಗೆ ಬೇಕಾಗಿದ್ದ ಮಾತು ಮಾತ್ರ ಬಾಯಿಗೆ ಬರಲಿಲ್ಲ! ಬರೋದಾದ್ರೂ ಹೇಗೆ? ಫ್ಲ್ಯಾಟಲ್ಲಿ ಬೆಳೆದವರಿಗೆ ಯಾರು ಕಲಿಸ್ತಾರೆ!"

"ನಂಗೆ ಗೊತ್ತಿತ್ತು."

"ಏನು?"

ಆ ಮಾತು ಕೋಳಿಗಲ್ಲ, ನೇರ ಅವಳಿಗೇ ಬಂದಿತ್ತು. ಇಬ್ಬರಿಗೂ ಅದು ಗಮನಕ್ಕೆ ಬರಲಿಲ್ಲ.

"ಆ ಮಾತು ನಂಗೆ ಗೊತ್ತಿತ್ತು ಅತ್ತೆ. ಅಜ್ಜಿ ಕಲಿಸಿದ್ಲು." ಸ್ಮರಾಂದಾ ಕೊಡವನ್ನು ಕೆಳಗಿಟ್ಟಳು. "ದಿನಾ ಬೆಳಿಗ್ಗೆ ಅವನು ಆ ಲೋಟದಲ್ಲಿ ಮೊದಲ ಗುಟುಕು ನಂಗೆ ಕೊಡ್ತಿದ್ದ. ನಾನು ಥ್ಯಾಂಕ್ಸ್ ಅಂತಿದ್ದೆ. ಅವತ್ತೂ ಅದೇ ಲೋಟ, ಅಷ್ಟೇ ಬಿಸಿ... ದೇವರು ಮನ್ನಿಸಲಿ ಅಂದಿದ್ರೆ, ಅವನು ಸತ್ತ ಅಂತ ನಾನೇ ನನ್ನ ಬಾಯಲ್ಲಿ ಹೇಳಿದ ಹಾಗೆ ಆಗ್ತಿತ್ತು! ನನ್ನ ಕೈಲಿ ಆಗಲಿಲ್ಲ ಅತ್ತೆ... ಆಗಲಿಲ್ಲ!"

ಕೋಳಿ ರೆಕ್ಕೆ ಬಡಿದು ಅಂಗಳಕ್ಕೆ ಹಾರಿತು. ಪ್ರೊಫೀರಾ ನೋಟ್‌ಬುಕ್ಕನ್ನು ಮುಚ್ಚಿ ಮೇಜಿನ ಮೇಲಿಟ್ಟಳು. ಮರುದಿನದ ಕಾರ್ಯಕ್ಕೆ ಕಲಸಿದ ಹಿಟ್ಟಿನ ಕಡೆ ತಿರುಗಿ, ತುಂಬ ಹೊತ್ತು ನಾದುತ್ತಲೇ ಇದ್ದಳು.

ಮರುದಿನ ಸ್ಮರಾಂದಾ ಪೆಟ್ಟಿಗೆಯನ್ನು ತುಂಬಿ ಬಾಗಿಲ ಬಳಿ ಇಟ್ಟು ಸ್ಮಶಾನಕ್ಕೆ ಹೋದಳು. ಪಾದ್ರಿಯ ಪ್ರಾರ್ಥನೆ ಮುಗಿದು, ಗೇಟಿನ ಬಳಿ ಹಾಕಿದ ಉದ್ದ ಮೇಜಿನಿಂದ ಪ್ರೊಫೀರಾ ಒಬ್ಬೊಬ್ಬರಿಗೂ ರೊಟ್ಟಿ, ಬೇಯಿಸಿದ ಸಿಹಿ ಗೋಧಿ, ಮೇಣದಬತ್ತಿ ಕೊಟ್ಟಳು. ದೇವರು ಅವನನ್ನು ಮನ್ನಿಸಲಿ, ಮನ್ನಿಸಲಿ ಎನ್ನುತ್ತ ಜನ ಕರಗಿದರು. ಕೊನೆಯಲ್ಲಿ ಉಳಿದವಳು ಸೊಸೆ.

ಮುದುಕಿ ಮೇಜಿನ ಕೆಳಗಿನ ಬುಟ್ಟಿಯಿಂದ ಆ ಲೋಟ ತೆಗೆದಳು. ತೊಳೆದು ಒರೆಸಿ ತಂದಿದ್ದಳು. ಉಣ್ಣೆಬಟ್ಟೆ ಸುತ್ತಿದ್ದ ಪಾತ್ರೆಯಿಂದ ಹಾಲು ಸುರಿದಳು. ಹಬೆ ಎದ್ದಿತು. ಕೈವಸ್ತ್ರದ ಮೇಲಿಟ್ಟು ಚಾಚಿದಳು. "ಇದು ಯುಸ್ತಿನನಿಗೆ ಸಲ್ಲಲಿ" ಅನ್ನುವಷ್ಟರಲ್ಲಿ ಅವಳ ದನಿ ಒಡೆಯಿತು. ಆಮೇಲೆ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು:

"ಆಗದೇ ಇದ್ರೆ ಬೇಡ ಮಗಾ. ಬರೋ ವರ್ಷ ಮತ್ತೆ ಕೊಡ್ತೀನಿ. ಅವನು... ಅವನು ಇನ್ನೊಂದು ವರ್ಷ ಕಾಯ್ತಾನೆ ಬಿಡು."

ಮಗನ ಬಾಯಾರಿಕೆಯನ್ನೇ ಒಬ್ಬ ತಾಯಿ ಸೊಸೆಗಾಗಿ ಒತ್ತೆಯಿಡುತ್ತಿದ್ದಳು! ಸ್ಮರಾಂದಾ ಲೋಟ ಹಿಡಿದುಕೊಂಡಳು. ಮೇಣದಬತ್ತಿ ಗಾಳಿಗೆ ಬಾಗಿತು. ಮೊದಲ ಗುಟುಕು ಕೊಡುತ್ತಿದ್ದ ಬೆರಳುಗಳು ಲೋಟದ ಆಚೆ ಬದಿಯಲ್ಲಿ ಇರಲಿಲ್ಲ. ಅಲ್ಲಿದ್ದದ್ದು ಗಂಟುಗಟ್ಟಿದ, ಹಿಟ್ಟು ಮೆತ್ತಿದ ಬೆರಳುಗಳು.

"ದೇವರು... ಅವನನ್ನು... ಮನ್ನಿಸಲಿ."

ಅಳು ಬರಲಿಲ್ಲ. ಹಾಲನ್ನು ಅವಳು ಕೊನೆಯ ಗುಟುಕಿನವರೆಗೂ ಕುಡಿದಳು. ಪ್ರೊಫೀರಾ ಮೇಜಿನ ಅಂಚು ಹಿಡಿದು ನಿಂತಿದ್ದಳು. ಮಗ ಕುಡಿದು ಮುಗಿಸುವುದನ್ನೇ ನೋಡುತ್ತಿರುವವಳ ಹಾಗೆ.

ಅವರು ಮನೆಗೆ ಮರಳಿದ ಮೇಲೆ ಮೂರು ಗಂಟೆಯ ಬಸ್ಸು ಮನೆ ಮುಂದೆ ಹಾರನ್ ಹೊಡೆದು ಹೋಯಿತು.

"ಆ ಕೋಳಿಗೆ ಒಂದು ಹಿಡಿ ಜೋಳ ಹಾಕು ಸ್ಮರಾಂದಾ" ಎಂದಳು ಪ್ರೊಫೀರಾ, ಪೆಟ್ಟಿಗೆಯನ್ನು ಕಾಲಿನಿಂದ ಒಳಗೆ ತಳ್ಳುತ್ತ. "ನಂಗೆ ಮಂಡಿ ನೋವು."

ಆಮೇಲೆ ಇಬ್ಬರೂ ಮೇಜಿನ ಎರಡು ಬದಿಗೆ ಕುಳಿತರು. ಮೂರನೆಯ ಕುರ್ಚಿ ಗೋಡೆಗೆ ಒರಗಿತ್ತು. ಸ್ಮರಾಂದಾ ನೋಟ್‌ಬುಕ್ ತೆರೆದು ತಾರೀಖು ಹಾಕಿದಳು. ಅದರ ಕೆಳಗೆ ಬರೆದಳು:

ಯುಸ್ತಿನ್ ಸತ್ತು ಒಂದು ವರ್ಷವಾಯಿತು. ಅತ್ತೆ ತಂದ ಹಾಲು ಬಿಸಿಯಾಗಿತ್ತು.