ಹತ್ತನೆಯ ಹುಲಿ

“ಹೊಡಿ ಮಾನಸಿ, ಹೊಡಿ! ಏನ್ ನೋಡ್ಕೋತ ನಿಂತಿ?”

ಫೋನಿನೊಳಗಿಂದ ಸಿದ್ಧಾಂತ ಕಿರುಚಿದ. ಮಾನಸಿಯ ಹೆಬ್ಬೆರಳು ಕೆಂಪು ಬಟನ್ನಿನ ಮೇಲೆ ನಿಂತಿತ್ತು. ಒತ್ತಲಿಲ್ಲ.

ಪರದೆಯ ಮೇಲೆ ಒಂದು ಹೊಳೆ. ದಂಡೆಯಲ್ಲಿ ಒಂದು ಹುಲಿ. ತಲೆ ತಗ್ಗಿಸಿ ನೀರು ಕುಡಿಯುತ್ತಿತ್ತು.

“ನಾಲ್ಕಕ್ಕ ಮ್ಯಾಚ್. ಅರ್ಧಾ ತಾಸು ಉಳದೈತಿ. ಒಂದ್ ಹುಲಿ ಹೊಡ್ಯಾಕ ಎಷ್ಟ್ ಹೊತ್ತ ಬೇಕು?”

“ತಡಿಯೋ, ನೆಟ್ ಸ್ಲೋ ಐತಿ.”

ಸುಳ್ಳು. ನೆಟ್ ಕುದುರೆಯಂತೆ ಓಡುತ್ತಿತ್ತು.

ಅದು ಸೂಪರ್‌ಹೀರೋಗಳ ಆಟ. ಬನಹಟ್ಟಿಯ ಒಂದೇ ಶಾಲೆಯ ಮಕ್ಕಳು ಸೇರಿ ಟೀಮು ಕಟ್ಟಿದ್ದರು. ಸಿದ್ಧಾಂತ ಕ್ಯಾಪ್ಟನ್, ಹಾರುವ ಹೀರೋ. ಮಾನಸಿ ಮಾತ್ರ ಯಾರೂ ಮುಟ್ಟದ ಶೇಪ್‌ಶಿಫ್ಟರ್ ಆರಿಸಿಕೊಂಡಿದ್ದಳು. ಬೇಕಾದಾಗ ಬೇಕಾದ ಪ್ರಾಣಿಯಾಗುವ ಹೀರೋ ಅದು. ಆದರೆ ಅದನ್ನು ಬೆಳೆಸುವುದು ಹುಡುಗಾಟವಲ್ಲ. ಮೊದಲಿಗೆ ಕಾಗೆಯ ರೂಪ ಪುಕ್ಕಟೆ ಸಿಗುತ್ತದೆ. ಮುಂದಿನ ರೂಪ ಬೇಕೆಂದರೆ ಆ ಪ್ರಾಣಿಯನ್ನು ಹತ್ತು ಸಲ ಹೊಡೆದು ಕೆಡವಬೇಕು. ಹತ್ತು ಹುಲಿ ಬಿದ್ದರೆ ನೀನೇ ಹುಲಿ. ಆಮೇಲೆ ಕೂಡಿಟ್ಟ ಪಾಯಿಂಟುಗಳನ್ನೆಲ್ಲ ಅದರ ಉಗುರಿಗೆ, ಜಿಗಿತಕ್ಕೆ ಹಾಕಬೇಕು. ಅಂಥ ಹುಲಿ ಇಲ್ಲದೆ, ಇವತ್ತಿನ ಮ್ಯಾಚಿನಲ್ಲಿ ಮುಧೋಳದ ಟೀಮಿಗಿಂತ ಮೊದಲು ದೊಡ್ಡ ರೋಬೋಟನ್ನು ಉರುಳಿಸುವುದು ಆಗದ ಮಾತು ಎನ್ನುವುದು ಸಿದ್ಧಾಂತನ ಲೆಕ್ಕ.

ಒಂಬತ್ತು ಹುಲಿ ಬಿದ್ದಿದ್ದವು. ಇನ್ನೊಂದೇ.

ಆದರೆ ಆ ಒಂಬತ್ತೂ ಗುರುವಾರದ ಮೊದಲಿನವು. ಗುರುವಾರ ಜೈನರ ದಶಲಕ್ಷಣ ಪರ್ವ ಶುರುವಾಯಿತು. ಬಸದಿಯ ಪಾಠಶಾಲೆಯಲ್ಲಿ ಪಾಠ ಹೇಳುವ ಅಕ್ಕಾರು ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ, “ಈ ಹತ್ತು ದಿನಕ್ಕ ಏನ್ ನೇಮ ತಗೋತಿ?” ಎಂದು ಕೇಳಿದರು. ಸಿದ್ಧಾಂತ ಚಿಪ್ಸ್ ಬಿಟ್ಟ. ಗೆಳತಿ ಭಕ್ತಿ, ಟಿವಿ ನೋಡುವುದನ್ನು ಬಿಟ್ಟಳು. ಮುಂದಿನ ಸರದಿ ಮಾನಸಿಯದು. ತನಗೆ “ಮೊಬೈಲ್ ಬಿಡು” ಎಂದೇ ಹೇಳುತ್ತಾರೆ, ಖಂಡಿತ. ಅವರು ಬಾಯಿ ತೆರೆಯುವ ಮೊದಲೇ ಎದ್ದು, “ನಾ ಯಾವ ಪ್ರಾಣಿನೂ ಹೊಡಿಯೂದಿಲ್ರೀ!” ಎಂದುಬಿಟ್ಟಳು.

ಎಂಥ ಜಾಣೆ! ಸೊಳ್ಳೆ ಕಚ್ಚಿದರೆ ಹತ್ತು ದಿನ ಸುಮ್ಮನಿದ್ದರಾಯಿತು ಎಂದುಕೊಂಡಿದ್ದಳು. ಮನೆಗೆ ಬಂದು ಆಟ ತೆಗೆದಾಗ ಹೊಳೆಯ ದಂಡೆಯಲ್ಲಿ ಹುಲಿ ನಿಂತಿತ್ತು. ಅಂದಿನಿಂದ ಹುಲಿಯ ಹತ್ತಿರ ಹೋಗುವುದು, ನೋಡುವುದು, ತಿರುಗಿ ಬರುವುದು. ಇದೇ ಆಗಿತ್ತು.

ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಹಾಗಾಯಿತು. ಈ ಪುಲಿ ಪಾಪ ನೀರು ಕುಡಿಯುತ್ತಿತ್ತು, ಅಷ್ಟೇ.

“ಸಿದ್ಧಾಂತ, ನಾ ನೇಮ ತಗೊಂಡೇನಲ್ಲೋ,” ಎಂದು ಕೊನೆಗೆ ಬಾಯಿಬಿಟ್ಟಳು.

ಅವನು ಪಕಪಕ ನಕ್ಕ. “ಅದೇನ್ ಖರೆ ಹುಲಿ ಏನು? ಚಿಪ್ಸಿನ ಚಿತ್ರಾ ನೋಡಿದ್ರ ನನ್ನ ನೇಮ ಮುರೀತೈತೇನು? ನಿನ್ನೆ ಐವತ್ತ್ ರೋಬೋಟ್ ಹೊಡದಿ, ಆವಾಗ ಎಲ್ಲಿತ್ತು ನೇಮ?”

“ಅವು ಕಬ್ಬಿಣದವು.”

“ಇದೂ ಆಟದ್ದ! ಮ್ಯಾಚಿನ್ಯಾಗ ಕಾಗಿ ಆಗಿ ಕಾ ಕಾ ಅಂತೀಯೇನು? ಹತ್ ನಿಮಿಷ ಕೊಟ್ಟೇನಿ. ಹುಲಿ ಆಗದಿದ್ರ ಅಜಯಗ ಕರೀತೇನಿ. ಆಮ್ಯಾಲ ಅಳಬ್ಯಾಡ.”

ಅವರದೇ ತರಗತಿಯ ಅಜಯ ಎರಡು ತಿಂಗಳಿಂದ ಟೀಮಿಗೆ ಸೇರಲು ಹೊಂಚುತ್ತಿದ್ದ. ಒಮ್ಮೆ ಅವನು ಬಂದರೆ ಮುಗಿಯಿತು. ಪಕ್ಕದ ಮನೆಯಲ್ಲಿ ಮಗ್ಗ ಖಟಖಟ ಬಡಿಯುತ್ತಿತ್ತು.

ಮಾನಸಿ ಫೋನು ಹಿಡಿದೇ ಪಡಸಾಲೆಗೆ ಬಂದಳು. ಅಲ್ಲಿ ಆಯಿ, ಅಪ್ಪನ ತಾಯಿ, ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಕಾಳಿನ ನಡುವೆ ಒಂದು ಹುಳ ಹರಿಯಿತು. ಆಯಿ ಅದನ್ನು ಕಾಗದದ ಚೂರಿನ ಮೇಲೆ ಹತ್ತಿಸಿಕೊಂಡು, ಮೊಣಕಾಲು ಹಿಡಿದು ಎದ್ದು, ಹಿತ್ತಲಿನ ನೆರಳಿಗೆ ಬಿಟ್ಟು ಬಂದಳು.

“ಆಯಿ, ಚಿತ್ರದ ಹುಲಿ ಹೊಡದ್ರ ನೇಮ ಮುರೀತೈತೇನು?”

“ಚಿತ್ರದ ಹುಲಿ? ಅದೇನ್ ಮಾಡೈತಿ ನಿನಗ?”

“ಏನೂ ಮಾಡಿಲ್ಲ. ನೀರು ಕುಡ್ಯಾಕತ್ತೈತಿ.”

“ಮತ್ತ?”

ಮಾನಸಿ ಪರದೆಯನ್ನು ಆಯಿಯ ಕಡೆ ತಿರುಗಿಸಿದಳು. “ಆದ್ರ ಅದಕ್ಕ ಜೀವ ಇಲ್ಲ ಆಯಿ,” ಎಂದಳು.

“ಆ ಸಕ್ಕರಿ ಕುದರಿಗೂ ಇರಲಿಲ್ಲ ಬಿಡು,” ಎಂದು ಆಯಿ ಮತ್ತೆ ಕಾಳಿಗೆ ಕೈ ಹಾಕಿದಳು. “ಆದ್ರ ಸಣ್ಣ ಸಣ್ಣ ಕಿವಿ ಇದ್ವು ನೋಡು. ಕಚ್ಚಾಕ ಮನಸ ಬರಲಿಲ್ಲ.”

ಮಾನಸಿಗೆ ನೆನಪಾಯಿತು. ಗೌರಿ ಹುಣ್ಣಿಮೆಗೆ ಆಯಿ ಯಾವಾಗಲೂ ತೇರು, ಗೋಪುರದ ಅಚ್ಚಿನ ಸಕ್ಕರೆ ಆರತಿಗಳನ್ನೇ ತರುತ್ತಿದ್ದಳು. ಒಂದು ವರ್ಷ ಮಾನಸಿ ಅಂಗಡಿಯ ಮುಂದೆ ಹೊರಳಾಡಿ ಸಕ್ಕರೆಯ ಕುದುರೆ ಕೊಡಿಸಿಕೊಂಡಳು. ತಂದು ಗೋಡೆಯ ಗೂಡಿನಲ್ಲಿಟ್ಟರೆ ಯಾರೂ ತಿನ್ನಲೊಲ್ಲರು. ಕಡೆಗೆ ಇರುವೆಗಳು ತಿಂದವು. “ತಿನ್ನಲಿ, ಅವು ನೇಮ ಹಿಡದಿಲ್ಲ,” ಎಂದಿದ್ದಳು ಆಯಿ.

“ಮಾನಸಿ! ಆತೋ ಇಲ್ಲೋ?” ಫೋನು ಒದರಿತು.

ಮಾನಸಿ ಫೋನನ್ನು ಬಾಯಿಯ ಹತ್ತಿರ ತಂದಳು. “ಅಜಯಗ ಕರಿ,” ಎಂದಳು. ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

“ಹುಚ್ಚಿ ಅದಿ ನೀ!”

ಪರದೆಯ ಮೇಲಿನ ಟೀಮಿನ ಪಟ್ಟಿಯಿಂದ ಅವಳ ಹೆಸರು ಅಳಿಸಿ, ಅಲ್ಲಿ ಅಜಯನದು ಬಂತು. ಅಷ್ಟು ಬೇಗ! ಮಾನಸಿ ಫೋನನ್ನು ಬೋರಲು ಹಾಕಿ ಗೋಡೆಗೆ ಮುಖ ಮಾಡಿ ಕುಳಿತಳು. ನಾಲ್ಕು ಹೊಡೆಯಿತು. ಈಗ ರೋಬೋಟ್ ಬಂದಿರಬೇಕು. ಈಗ ಸಿದ್ಧಾಂತ ಹಾರಿರಬೇಕು. ಸೋತರೆ ಎಲ್ಲರೂ ತನ್ನನ್ನೇ ಬೈಯುತ್ತಾರೆ. ಗೆದ್ದರೆ? ಗೆದ್ದರೆ ಇನ್ನೂ ಕೆಟ್ಟದ್ದು.

ಬಹಳ ಹೊತ್ತಿನ ಮೇಲೆ ಫೋನು ಟಿಂಗ್ ಎಂದಿತು. ಸಿದ್ಧಾಂತನ ಮೆಸೇಜ್. “ಗೆದ್ವಿ! ಅಜಯ ಛಲೋ ಆಡಿದ.” ಕಣ್ಣು ತುಂಬಿತು. ಹಿಂದೆಯೇ ಇನ್ನೊಂದು: “ಶನಿವಾರ ನಿನ್ನ ನೇಮ ಮುಗೀತೈತಿ. ರವಿವಾರ ಮುಂಜಾನೆ ಆ ಒಂದ್ ಹುಲಿ ಹೊಡದಬಿಡು. ನಿನ್ನ ಜಾಗಾ ಇಟ್ಟೇನಿ.”

ರವಿವಾರ ಮುಂಜಾನೆ. ಯಾವ ಅಡ್ಡಿಯೂ ಇಲ್ಲ.

ಮಾನಸಿ ಆಟ ತೆಗೆದಳು. ಹುಲಿಗೆಂದು ಕೂಡಿಟ್ಟ ನಲವತ್ತು ಪಾಯಿಂಟು ಹಾಗೇ ಇದ್ದವು. ಕಾಗೆಯ ಶಕ್ತಿಗಳ ಪಟ್ಟಿಯಲ್ಲಿ ‘ನೋಟ’ ಎಂದು ಒಂದು ಗೆರೆ ಖಾಲಿ ಬಿದ್ದಿತ್ತು. ಸ್ವಲ್ಪ ಹೊತ್ತು ಬೆರಳು ಆಡಿಸಿದಳು. ಆಮೇಲೆ ನಲವತ್ತನ್ನೂ ಅದಕ್ಕೇ ಸುರಿದು ‘ಸೇವ್’ ಒತ್ತಿದಳು.

ಕಾಗೆಯಾಗಿ ಹಾರಿ ಹೊಳೆಯ ಮೇಲಿನ ಟೊಂಗೆಗೆ ಕುಳಿತಳು. ಎಲ್ಲವೂ ಹತ್ತಿರ, ಸ್ವಚ್ಛ ಕಂಡಿತು. ಹುಲಿಯ ಮೀಸೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಬಲಗಿವಿ ಸೀಳಿತ್ತು. ಇಲ್ಲಿಗೆ ಹೊಡೆಯಲೆಂದೇ ಅವಳು ಒಂಬತ್ತು ಸಲ ಬಂದಿದ್ದಳು. ಹುಲಿ ನೀರು ಕುಡಿದು ಮುಗಿಸಿದ ಮೇಲೆ ಏನು ಮಾಡುತ್ತದೆಂದು ಒಂದು ಸಲವೂ ನೋಡಿರಲಿಲ್ಲ.

“ಹೊತ್ತ ಮುಳಗೂದ್ರೊಳಗ ಉಣ್ಣು ಬಾರವ್ವಾ,” ಎಂದು ಆಯಿ ಕರೆದಳು.

“ಬಂದೆ ಆಯಿ,” ಎಂದಳು ಮಾನಸಿ, ಪರದೆಯಿಂದ ಕಣ್ಣು ತೆಗೆಯದೆ. “ಇದು ಇನ್ನ ಕುಡ್ಯಾಕತ್ತೈತಿ.”