ಇನ್ನೂರ ಹನ್ನೆರಡನೇ ಪುಟ

ಸೋಮವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಹಳೆಯ ದಾಖಲೆಗಳ ಕಚೇರಿಯ ರೆಕಾರ್ಡ್ ಕೀಪರ್ ಠಾಣೆಗೆ ಬಂದವರು, ಕುರ್ಚಿ ತೋರಿಸಿದರೂ ಕೂರದೆ, ಕಾರ್ಬನ್ ಹಾಕಿ ಟೈಪಿಸಿದ ದೂರಿನ ಮೂರು ಪ್ರತಿಗಳನ್ನು ಮೇಜಿನ ಮೇಲಿಟ್ಟರು. ಎಪ್ಪತ್ತು ವರ್ಷ ಹಿಂದಿನ ಹೆಂಗಸರ ಜೈಲಿನ ದಾಖಲಾತಿ ಪುಸ್ತಕದಲ್ಲಿ ಇನ್ನೂರ ಹನ್ನೆರಡನೇ ಪುಟ, ಅಂಟಿಸಿದ್ದ ಫೋಟೋ ಸಮೇತ, ಮಾಯವಾಗಿತ್ತು.

"ಒಂದು ಹಾಳೆಗೆ ಎಫ್‌ಐಆರಾ?" ಎಂದರು ಇನ್‌ಸ್ಪೆಕ್ಟರ್.

"ಶುಕ್ರವಾರ ನನ್ನ ರಿಟೈರ್‌ಮೆಂಟು ಸಾರ್. ಪುಸ್ತಕ ಪೂರ್ತಿ ಒಪ್ಪಿಸದೆ ನನ್ನನ್ನ ಬಿಡಲ್ಲ, ವಿಚಾರಣೆ ಇಡ್ತಾರೆ. ಮೂವತ್ತನಾಲ್ಕು ವರ್ಷ ಒಂದು ಚೂರು ಕಾಗದ ಆಚೀಚೆ ಆಗಿಲ್ಲ. ಈಗ ಹೋಗೋ ಹೊತ್ತಿಗೆ ಕಳ್ಳ ಅನ್ನಿಸ್ಕೊಂಡು ಹೋಗಬೇಕಾ?"

ಮುದುಕರು ಮೂರೂ ಪ್ರತಿಗಳನ್ನು ಇನ್ನಷ್ಟು ಮುಂದೆ ತಳ್ಳಿದರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

ಮಧ್ಯಾಹ್ನ ಸ್ಥಳ ಪಂಚನಾಮೆಯಾಯಿತು. ಓದುವ ಕೋಣೆಗೆ ಒಂದೇ ಬಾಗಿಲು. ಬ್ಲೇಡು, ಕತ್ತರಿ, ಶಾಯಿ ಪೆನ್ನು ಒಳಗೆ ಬಿಡುವುದಿಲ್ಲ. ಕಪಾಟುಗಳಿಗೆ ಬೀಗವಿಲ್ಲ. ಆ ತಿಂಗಳು ಬಂದು ಕೂತವರು ಆರು ಜನ. ಯಾವುದೋ ಮರ್ಯಾದಸ್ಥರ ಮನೆಯವರು, ತಮ್ಮ ಅಜ್ಜಿ ಜೈಲು ಕಂಡವಳೆಂದು ಗೊತ್ತಾಗಿ, ಹಾಳೆಯನ್ನೇ ಕಿತ್ತು ಸುಟ್ಟಿರಬೇಕು ಎಂದು ಇನ್‌ಸ್ಪೆಕ್ಟರ್ ಲೆಕ್ಕ ಹಾಕಿದರು.

ಆ ಲೆಕ್ಕದ ಹಿಂದೆ ಎರಡು ದಿನ ಹಾಳಾದವು. ಆರು ಜನರಲ್ಲಿ ಐವರು ವಂಶವೃಕ್ಷ ಬರೆಯಲು ಹೊರಟವರೇ! ಒಬ್ಬ ನಿವೃತ್ತ ಹೆಡ್‌ಮಾಸ್ತರು ಒಂದು ಗಂಟೆ ತಲೆ ತಿಂದರು. "ಮುತ್ತಾತ ಸೇನಾಪತಿ ಅಂತ ಹುಡುಕ್ಕೊಂಡು ಹೋದೆ ಸಾರ್. ಸೇನೆಯಲ್ಲಿ ಇದ್ದದ್ದೇನೋ ನಿಜ, ಸೌಟು ಹಿಡ್ಕೊಂಡು." ಇನ್ನೊಬ್ಬರು, "ನಮ್ಮ ವಂಶದ ಮೇಲೇ ಅನುಮಾನಾನಾ?" ಎಂದು ಮೇಜು ಗುದ್ದಿದರು. ಆರನೆಯವಳು ಟೈಲರಿಂಗ್ ಅಂಗಡಿಯ ಹೆಂಗಸು. ಹಳೆಯ ಬೀದಿ ನಕ್ಷೆ ನೋಡಲು ಬಂದಿದ್ದೆ ಎಂದಳು. ಅವಳ ಹೇಳಿಕೆ ಎರಡೇ ಸಾಲಿಗೆ ಮುಗಿಯಿತು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಮೇಲಧಿಕಾರಿಯ ಫೋನು ಬಂತು. "ಒಂದು ಕಾಗದ ಹುಡುಕೋಕೆ ಎಷ್ಟು ದಿನ ಬೇಕ್ರೀ?" ಇನ್‌ಸ್ಪೆಕ್ಟರ್ ಫೋನಿಟ್ಟು, ಹಲ್ಲು ಕಚ್ಚಿಕೊಂಡು, ಪುಸ್ತಕವನ್ನು ಮತ್ತೆ ತರಿಸಿದರು. ಮಹಿಳಾ ಕಾನ್‌ಸ್ಟೇಬಲ್ ಹರಿದ ಅಂಚಿನ ಮೇಲೆ ಬೆರಳಾಡಿಸಿದಳು.

"ಸಾರ್, ಇದು ಬ್ಲೇಡಲ್ಲ. ಸಾಲಾಗಿ ತೂತು ಇದೆ ನೋಡಿ. ಬಟ್ಟೆಗೆ ಗುರುತು ಹಾಕೋ ಹಲ್ಲಿನ ಚಕ್ರ. ಟೈಲರ್‌ಗಳ ಹತ್ರ ಇರುತ್ತೆ."

ಇನ್‌ಸ್ಪೆಕ್ಟರ್ ಹಣೆ ಚಚ್ಚಿಕೊಂಡರು. ಹನ್ನೊಂದಕ್ಕೆ ದಾಖಲೆಗಳ ಕಚೇರಿಯಲ್ಲಿ ರೆಕಾರ್ಡ್ ಕೀಪರ್ ಎದುರಿಗಿದ್ದರು.

"ಈ ಪುಟ ಯಾರಾದ್ರೂ ಕೇಳಿದ್ರಾ?"

"ಸೋಮವಾರವೇ ಹೇಳಿದ್ನಲ್ಲ ಸಾರ್, ಯಾರೂ ಕೇಳಿಲ್ಲ."

"ಅರ್ಜಿ ಹಾಕಿ ತಿರಸ್ಕಾರ ಆದವರು?"

"ಓ, ಅವರಾ? ತಿರಸ್ಕಾರ ಆದದ್ದು ಅರ್ಜಿ ರಿಜಿಸ್ಟರಿಗೆ ಏರಲ್ಲ ಸಾರ್. ಏರದೇ ಇದ್ದದ್ದು ಕೇಳಿದ ಹಾಗಲ್ಲ."

ಅಟ್ಟದ ಮೇಲಿನ ಕಟ್ಟು ಬಿಚ್ಚಿದಾಗ ಏಳು ಅರ್ಜಿಗಳು ಸಿಕ್ಕವು. ಏಳೂ ಆ ಟೈಲರ್ ಹೆಂಗಸಿನವು. ಏಳರ ಮೇಲೂ ಕೆಂಪು ಶಾಯಿಯ ಒಂದೇ ಷರಾ: 'ಕೈದಿಯೊಂದಿಗೆ ರಕ್ತಸಂಬಂಧ ರುಜುವಾತಾಗಿಲ್ಲ.'

"ರುಜುವಾತು ಎಲ್ಲಿಂದ ತರಬೇಕಿತ್ತು ಅವಳು?"

"ಆ ಪುಟದಲ್ಲೇ ಇರುತ್ತೆ ಸಾರ್. ಜೊತೆಗಿದ್ದ ಮಗುವಿನ ಗುರುತು, ಮಚ್ಚೆ, ಎಲ್ಲಾ ಬರೀತಿದ್ರು."

"ಪುಟ ನೋಡೋಕೆ?"

"ರುಜುವಾತು ಬೇಕು."

ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿದುಹೋಯಿತು. ಎದುರಿಗಿದ್ದ ಮುದುಕರ ಮುಖದಲ್ಲಿ ಕಪಟವಿರಲಿಲ್ಲ. ಏಳೂ ಅರ್ಜಿಗಳನ್ನು ಎತ್ತಿಕೊಂಡು ಹೊರಟರು.

ಸಂಜೆ ನಾಲ್ಕು ಹತ್ತಕ್ಕೆ ಜೀಪು ಟೈಲರಿಂಗ್ ಅಂಗಡಿಯ ಮುಂದೆ ನಿಂತಿತು. ಹೆಂಗಸು ಮಷೀನಿನಿಂದ ಎದ್ದಳು. ಒಳಗೆ ಕಿಟಕಿಯ ಪಕ್ಕ ಅವಳ ತಾಯಿ, ಎಪ್ಪತ್ತೊಂದು ವರ್ಷದವರು, ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೂತಿದ್ದರು.

"ನೀನೇ ತೆಗೆದದ್ದಾ?"

"ಹೌದು ಸಾರ್, ನಾನೇ. ಅಮ್ಮಂಗೆ ಏನೂ ಗೊತ್ತಿರಲಿಲ್ಲ."

"ಯಾಕೆ?"

"ಅಮ್ಮ ಅನಾಥಾಲಯದಲ್ಲಿ ಬೆಳೆದವರು. 'ನಿಮ್ಮಮ್ಮ ನರ್ಸು, ಕೆಲಸ ಮಾಡ್ತಾನೇ ತೀರಿಕೊಂಡ್ರು' ಅಂತ ಅಲ್ಲಿ ಅವರಿಗೆ ಹೇಳಿದ್ರಂತೆ. ಆ ನರ್ಸಿನ ಫೋಟೋ ಸಿಗುತ್ತಾ ಅಂತ ಆಸ್ಪತ್ರೆಯೆಲ್ಲ ಸುತ್ತಿದೆ. ಕೊನೆಗೆ ಅನಾಥಾಲಯದಲ್ಲಿ ಜೈಲಿನ ಚೀಟಿ ಸಿಕ್ತು. ಕೈದಿ ನಂಬರ್ ಇತ್ತು, ಮಗುವಿನ ಹೆಸರಿರಲಿಲ್ಲ. ಅಮ್ಮನ ಕಣ್ಣು ಇನ್ನೆರಡು ತಿಂಗಳು ಅಂದಿದ್ದಾರೆ ಡಾಕ್ಟ್ರು. ಎಂಟನೇ ಅರ್ಜಿ ಹಾಕ್ಕೊಂಡು ಕೂರಲಾ?"

ಮುದುಕಿ ತಲೆ ಎತ್ತಿದರು. "ಮೂರು ಮನೆಗೆ ಕನ್ನ ಹಾಕಿದ್ಳಂತೆ ನಮ್ಮಮ್ಮ! ಹೆಣ್ಣು ಹೆಂಗಸು! ನರ್ಸು ಅಂತ ನಾನು ಜಂಭ ಕೊಚ್ಕೊಂಡಿದ್ದೇ ಕೊಚ್ಕೊಂಡಿದ್ದು." ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. "ಮೂಗು ನೋಡು, ಥೇಟ್ ನಂದೇ."

ಇನ್‌ಸ್ಪೆಕ್ಟರ್ ಬಗ್ಗಿ ಹಾಳೆ ಓದಿದರು. 'ಜೊತೆಯಲ್ಲಿ ಹೆಣ್ಣು ಮಗು, ಒಂಬತ್ತು ತಿಂಗಳು, ಎಡಗಿವಿಯ ಹಿಂದೆ ಮಚ್ಚೆ.' ಮುದುಕಿ ಕೇಳುವ ಮೊದಲೇ ಸೆರಗು ಸರಿಸಿ ಕಿವಿ ತೋರಿಸಿದರು. ಮಚ್ಚೆ ಅಲ್ಲೇ ಇತ್ತು.

ಪಕ್ಕದ ಇಸ್ತ್ರಿ ಅಂಗಡಿಯವನನ್ನೂ ಸೈಕಲ್ ರಿಪೇರಿಯವನನ್ನೂ ಪಂಚರಾಗಿ ಕರೆಸಲಾಯಿತು. ಹೆಂಗಸಿಗೆ ಬಂಧನದ ಕಾರಣ ತಿಳಿಸಲಾಯಿತು. ಅವಳು ತಲೆಯಾಡಿಸಿ, ಅರ್ಧ ಹೊಲಿದ ರವಿಕೆಯನ್ನು ಮಡಿಸಿಟ್ಟಳು. ನಾಳೆ ಜಾಮೀನಿಗೆ ತಕರಾರು ಹಾಕಲ್ಲ ಎಂದು ಇನ್‌ಸ್ಪೆಕ್ಟರ್ ಮೆಲ್ಲಗೆ ಹೇಳಿದರು. ಅದಕ್ಕಿಂತ ಹೆಚ್ಚು ಮಾಡಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಪುಟ ರೆಕಾರ್ಡ್ ಕೀಪರಿಗೆ ತಲುಪಬೇಕು, ನಾಳೆಯೇ ಶುಕ್ರವಾರ.

"ಬರಿ," ಎಂದರು ಕಾನ್‌ಸ್ಟೇಬಲ್‌ಗೆ. "ನಿಧಾನಕ್ಕೆ ಬರಿ. ಹಾಳೆಯ ಉದ್ದ ಅಗಲ ಬರಿ. ಮಚ್ಚೆ ಅಳತೆ ಮಾಡಿ ಬರಿ. ಅಕ್ಷರ ದುಂಡಗಿರಲಿ."

ಕಾನ್‌ಸ್ಟೇಬಲ್ ಅವರ ಮುಖ ನೋಡಿದಳು. ಅರ್ಥವಾಯಿತು. ಒಂದು ಸಾಲು ಹೊಡೆದು ಹಾಕಿ ಮತ್ತೆ ಮೊದಲಿಂದ ಬರೆದಳು. ಅಷ್ಟು ಹೊತ್ತೂ ಹಾಳೆ ಮುದುಕಿಯ ಕೈಯಲ್ಲೇ ಇತ್ತು. ಕಿಟಕಿಯ ಬೆಳಕು ಸರಿದಂತೆಲ್ಲ ಇಸ್ತ್ರಿಯವನು ಅವರ ಕುರ್ಚಿಯನ್ನು ಸರಿಸಿಕೊಟ್ಟ.

ಪಂಚನಾಮೆ ಶುರುವಾದದ್ದು ನಾಲ್ಕು ಇಪ್ಪತ್ತಕ್ಕೆ, ಮುಗಿದದ್ದು ಆರು ಐದಕ್ಕೆ. ಉದ್ದೇಶದ ಕಡೆ ಇನ್‌ಸ್ಪೆಕ್ಟರ್ ತಾವೇ ಬರೆದರು: 'ತಾಯಿಗೆ, ಆಕೆಯ ತಾಯಿಯ ಮುಖ ತೋರಿಸುವುದು.' ಬರೆದ ಮೇಲೂ ಹಾಳೆಗೆ ಕೈ ಚಾಚಲಿಲ್ಲ.

ಮುದುಕಿಯೇ ಹಾಳೆಯನ್ನು ಮುಂದೆ ಹಿಡಿದರು.

"ತಗೊಳ್ಳಪ್ಪ," ಎಂದರು. "ಬಾಯಿಪಾಠ ಆಯ್ತು."